ಬುಡ ಕದಲಿಸಿದ ಕೈ

ಹಲಗಲಿ ಸರ್ ನಮ್ಮ ವಿಶ್ವವಿದ್ಯಾಲಯದಲ್ಲಿ ಇಡೀ ಆಯುಷ್ಯ ಭೂವಿಜ್ಞಾನ ಕಲಿಸುತ್ತ ಬಂದಿದ್ದಾರೆ, ಒಂದು ಕಲ್ಲನ್ನೂ ಮುಟ್ಟಿಲ್ಲ. ಅವರ ಮನೆಗೆ ಹತ್ತಲು ಏಳು ಮೆಟ್ಟಿಲು. ನಮ್ಮ ಮನೆಗೆ ಇಳಿಯಲು ಐದು. ಇದರಲ್ಲಿ ತಿಳಿಯದ್ದು ಏನೂ ಇಲ್ಲ, ನಮ್ಮೂರಿನ ಅಂಬೆಗಾಲಿಡುವ ಮಗುವಿಗೂ ಗೊತ್ತಿರುವ ಸಂಗತಿ. ನೆಲದಿಂದ ಒಂದು ಕಲ್ಲನ್ನು ಬುಡ ಕದಲಿಸಿ ಎತ್ತಿದವರ ಮನೆ ಆ ಕಲ್ಲಿನ ತೂಕಕ್ಕೆ ತಕ್ಕಷ್ಟು ಕೆಳಗಿಳಿಯುತ್ತದೆ. ಎತ್ತಿಸಿದವರ ಮನೆಗೆ ಏನೂ ಆಗುವುದಿಲ್ಲ. ಆಮೇಲೆ ಹೊತ್ತವರಿಗೆ, ಒಡೆದವರಿಗೆ, ಮಾರಿದವರಿಗೆ, ಅದರಲ್ಲಿ ಬಂಗಲೆ ಕಟ್ಟಿಸಿಕೊಂಡವರಿಗೂ ಏನೂ ಆಗುವುದಿಲ್ಲ. ಮೊದಲು ಮೀಟಿದ ಕೈಯನ್ನಷ್ಟೇ ನೆಲ ನೆನಪಿಟ್ಟುಕೊಳ್ಳುತ್ತದೆ.

ಊರು ಇದಕ್ಕೆ ಒಗ್ಗಿಕೊಂಡು ಎಷ್ಟೋ ತಲೆಮಾರಾಗಿದೆ. ನಮ್ಮಲ್ಲಿ ಯಾರೂ ಮಾವಿನಕಾಯಿಗೆ ಕಲ್ಲು ಬೀರುವುದಿಲ್ಲ, ಬಡಿಗೆ ಬೀರುತ್ತಾರೆ. ಮನುಷ್ಯ ಬಗ್ಗಿದರೆ ಬೀದಿನಾಯಿಗಳು ಓಡುವುದಿಲ್ಲ, ಬಾಲ ಅಲ್ಲಾಡಿಸುತ್ತ ನಿಂತು ನೋಡುತ್ತವೆ. ಹೆಣ್ಣು ನೋಡಲು ಬಂದವರು ಮೊದಲು ಮೆಟ್ಟಿಲು ನೋಡುತ್ತಾರೆ, ಆಮೇಲೆ ಹೆಣ್ಣು. ಯಾರ ಮನೆ ಯಾವುದು ಅನ್ನುವುದು ನೆಲಕ್ಕೆ ಚೆನ್ನಾಗಿ ಗೊತ್ತು. ಹೊಸ ಸೊಸೆ ಕಲ್ಲೆತ್ತಿದರೆ ತವರುಮನೆ ಇಳಿಯುತ್ತದೆ. ಮೊದಲ ಸಲ ಗಂಡನ ಮನೆ ಇಳಿದ ದಿನ ಅತ್ತೆ ಬಾಯಿತುಂಬ ಬೈಯುತ್ತ ಒಳಗೊಳಗೇ ಹಿಗ್ಗುತ್ತಾಳೆ. ವಿಶ್ವವಿದ್ಯಾಲಯದಲ್ಲಿ ನಾನಿರುವ ಹಾಸ್ಟೆಲ್ ಮಾತ್ರ ಒಂದು ಬೆರಳೂ ಇಳಿದಿಲ್ಲ. ಅಲ್ಲಿ ಉಂಡು ಮಲಗುವವರು ಎತ್ತಿದ್ದೆಲ್ಲ ಅವರವರ ಅವ್ವ ಅಪ್ಪಂದಿರ ಮನೆಗೆ ಹೋಗಿ ತಟ್ಟುತ್ತದೆ. ಊರಿನ ದೊಡ್ಡವರು ಗುಡ್ಡದ ಕಡೆ ಹೋದರೆ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು ನಡೆಯುತ್ತಾರೆ. ಅದನ್ನು ಗಾಂಭೀರ್ಯ ಅನ್ನುತ್ತಾರೆ.

ನಾವು ಮೀಟುಗಾರರ ಕೇರಿಯವರು. ಕಲ್ಲುಗಣಿಯಲ್ಲಿ ಹಾರೆ ಹಾಕಿ ಮೊದಲ ಮೀಟು ಮೀಟುವುದಷ್ಟೇ ನಮ್ಮವರ ಕೆಲಸ. ಅಪ್ಪ ಸಾಯುವವರೆಗೂ ಅದನ್ನೇ ಮಾಡಿದ. ಅವನು ಮೀಟಿದ ಕಲ್ಲು ಕೋರ್ಟಿನ ಗೋಡೆಯಾಯಿತು, ವಿಶ್ವವಿದ್ಯಾಲಯದ ಕಮಾನಾಯಿತು, ಉಳಿದದ್ದು ರಸ್ತೆಗೆ ಜಲ್ಲಿಯಾಯಿತು. ಕೇರಿಯ ಮನೆಗಳು ಒಂದೊಂದೇ ಮೆಟ್ಟಿಲು ಇಳಿದವು. ರಸ್ತೆಯಲ್ಲಿ ನಿಂತರೆ ನಮ್ಮ ಛಾವಣಿಗಳು ಸೊಂಟದ ಮಟ್ಟಕ್ಕೆ ಕಾಣುತ್ತವೆ, ಆಡುಗಳು ಅವುಗಳ ಮೇಲೆ ಅಡ್ಡಾಡುತ್ತವೆ. ಮಳೆ ಬಂದರೆ ಬೀದಿಯ ನೀರೆಲ್ಲ ನಮ್ಮ ಒಲೆಗೆ. ಎತ್ತಿದ ಕಲ್ಲನ್ನು ಅದೇ ಕುಳಿಯಲ್ಲಿ, ಅದೇ ಮಗ್ಗುಲಿಗೆ ತಿರುಗಿ ಇಟ್ಟರೆ ಮನೆ ಮತ್ತೆ ಮೇಲೇಳುತ್ತದೆ, ಅದೂ ನಿಜ. ಆದರೆ ಕೋರ್ಟಿನ ಗೋಡೆಯನ್ನು ಕಿತ್ತು ತಂದು ಇಡುವವರು ಯಾರು? ಜಲ್ಲಿಯನ್ನು ಕೂಡಿಸುವವರು ಯಾರು?

ನಾನು ಭೂವಿಜ್ಞಾನಕ್ಕೆ ಸೇರಿದ್ದು ಭೂಮಿಯ ಮೇಲಿನ ಪ್ರೀತಿಯಿಂದಲ್ಲ. ರಸಾಯನಶಾಸ್ತ್ರದಲ್ಲಿ ಸೀಟು ಸಿಗಲಿಲ್ಲ. ಭೂವಿಜ್ಞಾನದಲ್ಲಿ ನಮ್ಮ ಕೇರಿಯವರಿಗೆ ಯಾವಾಗಲೂ ಸೀಟು ಇರುತ್ತಿತ್ತು. ಯಾಕೆ ಅಂತ ಮೊದಲ ಫೀಲ್ಡ್ ಟ್ರಿಪ್ಪಿನಲ್ಲೇ ಗೊತ್ತಾಯಿತು. ಎತ್ತರದ ಮನೆಯ ಹುಡುಗರು ಟೇಪು ಹಿಡಿದರು, ಹುಡುಗಿಯರು ಲೇಬಲ್ ಬರೆದರು. ಹಲಗಲಿ ಸರ್ ಕೊಡೆ ಬಿಚ್ಚಿ ನಿಂತು, ಕೋಲು ಹಿಡಿದ ಹುಡುಗನಿಗೆ ಕಣ್ಸನ್ನೆ ಮಾಡಿ, ಅವನ ಕೋಲಿನಿಂದಲೇ ಕಲ್ಲು ತೋರಿಸಿದರು.

"ಅಂಜಿನಮ್ಮಾ, ಅದು. ನೀಟಾಗಿ ಬರಲಿ. ಅಂಚು ಮುರೀಬಾರದು."

ನಾನು ಎತ್ತಿದೆ. ನನ್ನ ಜೊತೆ ಮೌಲಾಲಿ ಎತ್ತಿದ. ಅವನು ಗಾಣದ ಓಣಿಯವನು, ಅವನಜ್ಜ ಬಾವಿ ತೋಡುತ್ತಿದ್ದವನು, ಅವರ ಮನೆಯೂ ಆಗಲೇ ಮೊಣಕಾಲುದ್ದ ಇಳಿದಿತ್ತು. ಸಂಜೆ ಮ್ಯೂಸಿಯಂನ ಗಾಜಿನ ಕಪಾಟಿನಲ್ಲಿ ಆ ಕಲ್ಲುಗಳು ಕೂತಿದ್ದವು. ಕೆಳಗೆ ಚೆಂದದ ಅಕ್ಷರದಲ್ಲಿ ಲೇಬಲ್: ಸಿಕ್ಕ ಜಾಗ, ಕಲ್ಲಿನ ಜಾತಿ, ಸಂಗ್ರಹ – ಪ್ರೊ. ಚನ್ನವೀರ ಹಲಗಲಿ. ಆ ಮ್ಯೂಸಿಯಂನ ಕಲ್ಲುಗಳೆಲ್ಲಕ್ಕೂ ಅದೇ ಹೆಸರು.

"ಸರ್, ಇದು ನಾನ್ ಎತ್ತಿದ್ದಲ್ರೀ?" ಅಂದೆ. ಹೊಸಬಳು, ಬಾಯಿ ತಡೆಯಲಿಲ್ಲ.

"ಎತ್ತೋದು ಬೇರೆ, ಸಂಗ್ರಹಿಸೋದು ಬೇರೆ ಅಮ್ಮಾ. ಕೈಗೆ ತಲೆ ಇರೋದಿಲ್ಲ" ಅಂದರು. ತರಗತಿ ನಕ್ಕಿತು. ಟೇಪು ಹಿಡಿದವರು ಜಾಸ್ತಿ ನಕ್ಕರು.

ಎಂ.ಎಸ್ಸಿ. ಮುಗಿದು ಮೌಲಾಲಿ, ನಾನು ಇಬ್ಬರೂ ಸಂಶೋಧನೆಗೆ ಸೇರಿದಾಗ ನಾನು ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಂಡೆ, ಇನ್ನು ಒಂದು ಕಲ್ಲನ್ನೂ ಎತ್ತುವುದಿಲ್ಲ. ಊರ ಹಿಂದಿನ ಗುಡ್ಡದಲ್ಲಿ ಪಟ್ಟೆಕಲ್ಲಿದೆ. ಕೆಂಪು ಪಟ್ಟೆ, ಕಪ್ಪು ಪಟ್ಟೆ, ಒಗೆದು ಹಿಂಡಿಟ್ಟ ಸೀರೆಯ ಹಾಗೆ ಮಡಚಿಕೊಂಡು ಬಿದ್ದಿದೆ. ಅದು ಒಂದೇ ಸಲ ಮಡಚಿದ್ದು ಅಂತ ಹಲಗಲಿ ಸರ್ ಪುಸ್ತಕ ಬರೆದಿದ್ದರು. ನನಗೆ ಹಾಗೆ ಕಾಣಲಿಲ್ಲ. ದಿಕ್ಸೂಚಿ, ಓರೆ ಅಳೆಯುವ ಉಪಕರಣ, ಒಂದು ಭೂತಗನ್ನಡಿ ಇಷ್ಟನ್ನೇ ಇಟ್ಟುಕೊಂಡು ಗುಡ್ಡವನ್ನು ಅಡ್ಡಡ್ಡ ಉದ್ದುದ್ದ ನಡೆದೆ. ಕಲ್ಲು ಇದ್ದಲ್ಲೇ ಇತ್ತು, ನಾನು ಅದರ ಪಕ್ಕ ಬೋರಲು ಮಲಗಿ ಅಳೆದೆ. ಕುರಿ ಕಾಯುವವರು "ಕಲ್ಲಿಗೆ ಜ್ವರಾ ಬಂದೈತೇನವ್ವಾ?" ಅಂತ ಕೇಳಿ ಹೋಗುತ್ತಿದ್ದರು. ಹಾಗೆ ಮಲಗಿದ್ದಾಗಲೇ ಒಂದು ದಿನ ಕೊನೆಯ ಇಳಿಜಾರಿನಲ್ಲಿ ಆ ಹಾಸುಗಲ್ಲು ಸಿಕ್ಕಿತು. ಬಾಗಿಲಿನಷ್ಟು ಅಗಲ. ಅದರ ಮೇಲೆ ಒಂದು ಮಡಿಕೆಯನ್ನು ಇನ್ನೊಂದು ಮಡಿಕೆ ಅಡ್ಡ ಕತ್ತರಿಸಿ ಹಾದುಹೋಗಿತ್ತು. ನೆಲ ಎರಡು ಸಲ ಹಿಂಡಿಸಿಕೊಂಡಿದೆ, ಎರಡು ಬೇರೆ ದಿಕ್ಕಿನಿಂದ. ನನ್ನ ಪ್ರಬಂಧದ ಇಡೀ ಜೀವ ಆ ಒಂದು ಕಲ್ಲಿನಲ್ಲಿತ್ತು, ಅದೂ ಅದು ಇದ್ದಲ್ಲೇ ಇದ್ದರೆ ಮಾತ್ರ. ಎತ್ತಿದ ಕಲ್ಲಿಗೆ ಉತ್ತರ ಇಲ್ಲ, ದಕ್ಷಿಣ ಇಲ್ಲ.

ಬರೆದ ಪ್ರಬಂಧ ತಂದು ಮೇಜಿನ ಮೇಲಿಟ್ಟಾಗ ಹಲಗಲಿ ಸರ್ ಅದನ್ನು ತೆರೆಯಲಿಲ್ಲ.

"ಸ್ಯಾಂಪಲ್ ಎಲ್ಲಿ?"

"ಗುಡ್ಡದಾಗ ಐತ್ರೀ ಸರ್. ಬರ್ರಿ, ತೋರಸ್ತೀನಿ."

"ಸ್ಯಾಂಪಲ್ ಇಲ್ಲದ ಪ್ರಬಂಧ ಅಂದ್ರೆ ಹೆಣ ಇಲ್ಲದ ಕೊಲೆ ಕೇಸು. ಆ ಹಾಸುಗಲ್ಲು ಮ್ಯೂಸಿಯಂ ಹಾಲಿಗೆ ಬರಬೇಕು. ವಿಶ್ವವಿದ್ಯಾಲಯಕ್ಕೆ ದರ್ಜೆ ಕೊಡೋ ಕಮಿಟಿ ಬರ್ತಾ ಇದೆ, ಬಾಗಿಲಲ್ಲೇ ಕಾಣೋ ಹಾಗೆ ನಿಲ್ಲಿಸೋಣ. ಕಲ್ಲು ಬಂದ ದಿನ ಸಹಿ."

"ಸರ್, ನಮ್ಮನಿ ಆಗ್ಲೇ ಐದು ಮೆಟ್ಟಿಲ ಕೆಳಗೈತ್ರೀ. ಅಷ್ಟು ದೊಡ್ಡ ಕಲ್ಲು ಮೀಟಿದ್ರ ಬಾಗಲಾ ಮುಚ್ಚಿ ಹೋಗತೈತಿ. ಅವ್ವ ಒಬ್ಬಾಕಿ ಇರ್ತಾಳ."

ಅವರು ಬಹಳ ತಾಳ್ಮೆಯಿಂದ ನನ್ನನ್ನು ನೋಡಿದರು. "ವಿಜ್ಞಾನ ತ್ಯಾಗ ಕೇಳುತ್ತೆ ಅಂಜಿನಮ್ಮಾ."

ಯಾರ ತ್ಯಾಗ ಅಂತ ನಾನು ಕೇಳಬೇಕಿತ್ತು. ಕೇಳದೆ ಮನೆಗೆ ಹೋದೆ. ಅವ್ವ ಹುಲಿಗೆಮ್ಮ ಎಲ್ಲಕ್ಕಿಂತ ಮೇಲಿನ ಮೆಟ್ಟಿಲ ಮೇಲೆ ಕೂತು ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು. ಅಲ್ಲಿ ಮಾತ್ರ ಅವಳಿಗೆ ಬಿಸಿಲು ಸಿಗುತ್ತದೆ. ನಾನು ಹೇಳಿದ್ದನ್ನು ಪೂರ್ತಿ ಕೇಳಿದಳು.

"ಅಂವಾ ಮೀಟಿದ್ರ ಅಂವನ ಮನಿ ಎಷ್ಟು ಇಳೀತೈತಿ?"

"ಎರಡ ಮೆಟ್ಟಿಲ ಹೋದಾವು. ಐದು ಉಳೀತಾವು."

"ಐದು ಮ್ಯಾಲೆ ಉಳದ್ರೂ ಎದಿ ಒಡಕೊಂತಾನ, ನಾವು ಐದು ಕೆಳಗ ಇದ್ರೂ ಉಣ್ಣಾಕತ್ತೀವಿ" ಅಂದಳು. ಆಮೇಲೆ ಮೆಣಸಿನಕಾಯಿ ಮೊರ ಪಕ್ಕಕ್ಕಿಟ್ಟಳು. "ಮೀಟಬೇ. ನಿನ್ನ ಓದು ಒಂದು ಮುಗೀಲಿ. ಬಾಗಲಾ ಹೋದ್ರ ಕಿಡಕಿ ಐತಿ."

ನಾನು ಮೀಟಿದೆ. ಮೀಟುವ ಮುಂಚೆ ಆ ಕಲ್ಲು ಯಾವ ದಿಕ್ಕಿಗೆ ಎಷ್ಟು ಓರೆಯಾಗಿ ಕೂತಿದೆ ಅನ್ನುವುದನ್ನು ಕುಳಿಯ ಸುತ್ತಲಿನ ಬಂಡೆಯ ಮೇಲೆ ಸುಣ್ಣದಿಂದ ಗುರುತು ಮಾಡಿದೆ, ಅದು ಬರೀ ಅಭ್ಯಾಸ ಬಲ. ಹಾರೆಯ ತುದಿ ಬುಡಕ್ಕೆ ಹೋದಾಗ ಕಲ್ಲು ಹಲ್ಲು ಕಿತ್ತ ಹಾಗೆ ಸದ್ದು ಮಾಡಿತು. ಆಮೇಲೆ ಅದನ್ನು ಟ್ರ್ಯಾಕ್ಟರಿಗೆ ಹಾಕಲು ಎಲ್ಲರೂ ಬಂದರು, ಟೇಪು ಹಿಡಿಯುವವರೂ ಬಂದರು, ಈಗ ಮುಟ್ಟಿದರೆ ಯಾರಿಗೂ ಏನೂ ಆಗುವುದಿಲ್ಲವಲ್ಲ. ಫೋಟೋ ತೆಗೆಸಿಕೊಂಡರು.

ಕೇರಿಗೆ ಓಡಿ ಹೋದರೆ ಬಾಗಿಲೇ ಇರಲಿಲ್ಲ. ಚೌಕಟ್ಟಿನ ಮೇಲಿನ ಪಟ್ಟಿ ರಸ್ತೆಯ ಮಟ್ಟಕ್ಕಿತ್ತು. ಸೂರಿಗೆ ಹತ್ತಿರದ ಕಿಟಕಿಯ ಅರ್ಧ ಮಾತ್ರ ಮಣ್ಣಿನ ಮೇಲೆ. ನೆರೆಮನೆಯ ಇಬ್ಬರು ಹೆಂಗಸರು ಅದರ ಸರಳು ಕಿತ್ತು ಅವ್ವನ ಎರಡೂ ರಟ್ಟೆ ಹಿಡಿದು ಎಳೆಯುತ್ತಿದ್ದರು. "ಹಗುರಕ್ಕ ಎಳೀರೇ, ನಾನೇನು ಎಮ್ಮಿ ಕರಾ ಏನು?" ಅಂತ ಅವ್ವ ಕೂಗುತ್ತಿದ್ದಳು. ಸೊಂಟದವರೆಗೆ ಹೊರಗೆ ಬಂದು, ನನ್ನನ್ನು ನೋಡಿ, "ಸಹಿ ಹಾಕಿದ್ನಾ?" ಅಂದಳು.

ಸಹಿ ಹಾಕಿರಲಿಲ್ಲ. ಮರುದಿನ ಮ್ಯೂಸಿಯಂಗೆ ಹೋದರೆ ಹಾಸುಗಲ್ಲು ಸಿಮೆಂಟಿನ ಕಟ್ಟೆಯ ಮೇಲೆ ನಿಂತಿತ್ತು, ತಲೆ ಕೆಳಗಾಗಿ. ಮೇಲೊಂದು ದೀಪ, ಕೆಳಗೆ ಹಿತ್ತಾಳೆಯ ಫಲಕ: ಎರಡು ಸಲ ಮಡಚಿದ ಪಟ್ಟೆಶಿಲೆ, ಶೋಧ ಮತ್ತು ಸಂಗ್ರಹ – ಪ್ರೊ. ಚನ್ನವೀರ ಹಲಗಲಿ. ಮೊದಲು ಬರೀ ಸಂಗ್ರಹ ಇರುತ್ತಿತ್ತು. ಈಗ ಶೋಧವೂ ಅವರದೇ. ನಾನು ಅವರ ಕೋಣೆಗೆ ಹೋದೆ.

"ಸರ್, ಕಲ್ಲು ಬಂತು. ಸಹಿ."

"ಓದಿದೆ ನಿನ್ನ ಪ್ರಬಂಧ. ಚೆನ್ನಾಗಿದೆ. ಆದರೆ ಒಂದು ತೊಡಕು" ಅಂದರು. "ಎರಡು ಮಡಿಕೆ ಬೇರೆ ಬೇರೆ ದಿಕ್ಕಿನವು ಅಂತೀಯ. ಆ ಕಲ್ಲು ಈಗ ಅಲ್ಲಿಲ್ಲವಲ್ಲ? ದಿಕ್ಕಿಗೆ ಪುರಾವೆ ಎಲ್ಲಿ? ನಾಳೆ ಪರೀಕ್ಷಕರು ಕೇಳಿದರೆ ನನ್ನ ಮಾನ ಹೋಗುತ್ತೆ. ನೀನು ಬೇರೆ ವಿಷಯ ತಗೋ. ಇದನ್ನ ನಾನು ಹೇಗೋ ನೋಡ್ಕೋತೀನಿ."

ನನಗೆ ಕಣ್ಣೀರು ಬರಲಿಲ್ಲ. ಇಂಥದ್ದನ್ನು ಕೇಳಿಸಿಕೊಂಡು ಅಳುವವರನ್ನು ಹಾಸ್ಟೆಲ್ ಲೈಬ್ರರಿಯ ಎಷ್ಟೋ ಕಾದಂಬರಿಗಳಲ್ಲಿ ಓದಿದ್ದೆ, ಅವರ ಮೇಲೆ ನನಗೆ ಎಂದೂ ಮರುಕ ಹುಟ್ಟಿರಲಿಲ್ಲ. ಕಲ್ಲು ನನ್ನ ಕೈಯಿಂದ ಕೀಳಿಸಿ, ಕಿತ್ತ ಕಲ್ಲಿಗೆ ದಿಕ್ಕಿಲ್ಲ ಅಂತ ನನಗೇ ಪಾಠ ಹೇಳುತ್ತಿದ್ದಾರೆ. ನನ್ನ ಅವ್ವ ಕಿಟಕಿಯಲ್ಲಿ ನುಸುಳಿ ನೀರು ತರುತ್ತಿದ್ದಾಳೆ. ಇವರು ಏಳು ಮೆಟ್ಟಿಲು ಹತ್ತಿ ಹೋಗಿ ಊಟ ಮಾಡುತ್ತಾರೆ.

ಮೌಲಾಲಿಗೆ ಹೇಳಿದೆ. ಅವನು ತಲೆ ಕೆರೆದುಕೊಂಡ. "ಟ್ರ್ಯಾಕ್ಟರು ನಮ್ಮ ಮಾವಂದು ಐತಿ. ಆದ್ರ ಕಳ್ಳತನ ಅಂತಾರ ನೋಡು."

"ಕಳ್ಳರು ಬೀಗ ಮುರೀತಾರ. ನಾವು ಊಟದ ಬೆಲ್ ಆದ ಮ್ಯಾಲ ಮುಂಬಾಗಲಿನಾಗ ಒಯ್ಯೋಣು."

ಹಾಗೇ ಒಯ್ದೆವು. ಹಾಡುಹಗಲು, ವಿಭಾಗದ ಎಲ್ಲರೂ ನೋಡುತ್ತಿದ್ದಂತೆ. ಹಿಂದಿನ ದಿನ ಟ್ರ್ಯಾಕ್ಟರಿಗೆ ಏರಿಸಿದ ಹುಡುಗರು ಏನೋ ಸರ್ ಹೇಳಿರಬೇಕು ಅಂದುಕೊಂಡು ಇವತ್ತೂ ಕೈ ಹಾಕಿದರು. ಗುಡ್ಡದಲ್ಲಿ ಸುಣ್ಣದ ಗುರುತಿಗೆ ಸರಿಯಾಗಿ, ದಿಕ್ಸೂಚಿ ಇಟ್ಟು, ಬೆರಳಷ್ಟು ಆ ಕಡೆ ಬೆರಳಷ್ಟು ಈ ಕಡೆ ಸರಿಸಿ ಸರಿಸಿ ಕೂರಿಸಿದೆವು. ಬಹಳ ಹೊತ್ತು ಹಿಡಿಯಿತು. ಕೊನೆಗೆ ಅದು ಕುಳಿಯಲ್ಲಿ ಕುಳಿತ ಸದ್ದಾಯಿತು, ಪೆಟ್ಟಿಗೆಯ ಮುಚ್ಚಳ ಹಾಕಿದ ಹಾಗೆ. ಕೆಳಗೆ ಕೇರಿಯಿಂದ ಮಕ್ಕಳ ಕೂಗು ಕೇಳಿತು. ನಾವು ಇಳಿದು ಹೋಗುವಷ್ಟರಲ್ಲಿ ಅವ್ವ ಬಾಗಿಲಲ್ಲಿ ನಿಂತಿದ್ದಳು. ಬಾಗಿಲು ತೆಗೆಯುತ್ತ ಹಾಕುತ್ತ, ತೆಗೆಯುತ್ತ ಹಾಕುತ್ತ. "ಕಿರ್ರ್ ಅಂತೈತಿ, ಎಣ್ಣಿ ಬಿಡಬೇಕು" ಅಂದಳು.

ವಿಚಾರಣೆ ಮರುದಿನ ಬೆಳಿಗ್ಗೆಯೇ ಕರೆದರು. ದರ್ಜೆಯ ಕಮಿಟಿ ಅದರ ಮರುದಿನ ಬರುವುದಿತ್ತು, ಹಾಲಿನಲ್ಲಿ ದೀಪದ ಕೆಳಗೆ ಖಾಲಿ ಕಟ್ಟೆ ನಿಂತಿತ್ತು. ರಿಜಿಸ್ಟ್ರಾರ್ ಮಧ್ಯದ ಕುರ್ಚಿಯಲ್ಲಿ, ಆಚೀಚೆ ಇಬ್ಬರು ಡೀನರು. ಹಲಗಲಿ ಸರ್ ಒಂದು ಪಕ್ಕ. ನಾನು ಮತ್ತು ಮೌಲಾಲಿ ನಿಂತಿದ್ದೆವು.

"ಕಲ್ಲು ಯಾರದು?" ಅಂದರು ರಿಜಿಸ್ಟ್ರಾರ್.

"ನಂದು. ಫಲಕ ಇದೆಯಲ್ಲ" ಅಂದರು ಹಲಗಲಿ ಸರ್.

"ಸರ್, ಅದನ್ನ ಮೀಟಿದಾಕಿ ನಾನು" ಅಂದೆ.

"ಸುಳ್ಳು. ಈ ಹುಡುಗಿಗೆ ಒಂದು ಕಲ್ಲೂ ಇಲ್ಲದ ಪ್ರಬಂಧ ಬರೆದ ಅವಮಾನ. ಅದಕ್ಕೆ ಹೀಗೆ ಆಡ್ತಾಳೆ. ಆ ಕಲ್ಲನ್ನ ನಾನು ಕೈಯಾರೆ ಸಂಗ್ರಹಿಸಿದ್ದು."

ಒಬ್ಬ ಡೀನರು ಕೆಮ್ಮಿದರು. ನಮ್ಮೂರಿನಲ್ಲಿ ಹುಟ್ಟಿ ಬೆಳೆದ ಯಾರೂ ಆ ಮಾತನ್ನು ಅಷ್ಟು ಸಲೀಸಾಗಿ ಆಡುವುದಿಲ್ಲ. ಆದರೆ ಅವರು ಎಷ್ಟು ವರ್ಷದಿಂದ ಫಲಕ ಬರೆಸಿದ್ದರೆಂದರೆ, ಅವರಿಗೇ ಅದು ನಿಜ ಆಗಿಬಿಟ್ಟಿತ್ತು.

"ಕೈಯಾರೆ ಅಂದ್ರೀ ಸರ್?" ಅಂದೆ.

"ಹೌದು, ಕೈಯಾರೆ."

"ಬರಕೊಳ್ರೀ ಹಂಗಾದ್ರ" ಅಂದೆ. ಗುಮಾಸ್ತ ರಿಜಿಸ್ಟ್ರಾರರ ಮುಖ ನೋಡಿ ಬರೆದುಕೊಂಡ. "ಸರ್, ಈಗ ನಮ್ಮ ಕೇರಿಗೆ ಬರ್ರಿ. ಕಲ್ಲು ತಿರುಗಿ ಇಟ್ಟ ಮ್ಯಾಲ ಯಾರ ಮನಿ ಎದ್ದೈತಿ ನೀವ ನೋಡ್ರಿ. ಹತ್ತ ನಿಮಿಷದ ಹಾದಿ."

"ಆ ಕೇರಿಗೆ ಕಾರು ಹೋಗೋದಿಲ್ಲ" ಅಂದರು ರಿಜಿಸ್ಟ್ರಾರ್. ಇನ್ನೊಬ್ಬ ಡೀನರು ತಮ್ಮ ಹೊಸ ಚಪ್ಪಲಿ ನೋಡಿಕೊಂಡರು. ಅಷ್ಟೇ, ಪುರಾವೆಯ ವಿಚಾರ ಅಲ್ಲಿಗೆ ಮುಗಿಯಿತು. ಊರೆಲ್ಲ ಬಲ್ಲ ಸತ್ಯ, ಹತ್ತು ನಿಮಿಷದ ಹಾದಿ, ಮೂವರು ವಿದ್ವಾಂಸರಿಗೆ ನಡೆಯಲಾಗಲಿಲ್ಲ. ಅವರು ತಲೆ ತಲೆ ಕೂಡಿಸಿ ಪಿಸುಗುಟ್ಟಿದರು, ಆಮೇಲೆ ತೀರ್ಪು ಓದಿದರು. ಕಲ್ಲು ಪ್ರೊಫೆಸರರದು. ಇವತ್ತು ಸಂಜೆಯೊಳಗೆ ಅದು ಕಟ್ಟೆಯ ಮೇಲಿರಬೇಕು. ಇಲ್ಲದಿದ್ದರೆ ಇಬ್ಬರ ಸಂಶೋಧನಾ ನೋಂದಣಿಯೂ ರದ್ದು.

ಮೌಲಾಲಿ ನನ್ನ ಕಡೆ ನೋಡಿದ. ನನಗೆ ಅವ್ವ ಬಾಗಿಲು ತೆಗೆಯುತ್ತ ಹಾಕುತ್ತ ನಿಂತದ್ದು ನೆನಪಾಯಿತು.

"ಆತ್ರೀ ಸರ್" ಅಂದೆ. "ಕಲ್ಲು ಅವರದು ಅಂತ ನೀವ ಬರದೀರಿ. ಅವರ ಕಲ್ಲು ನಾವು ಮುಟ್ಟಿದ್ರ ಮತ್ತ ಕಳ್ಳತನ ಆಕ್ಕೈತಿ. ಮೊದಲ ಸಲ ಕೈಯಾರೆ ಎತ್ತಿದವರು, ಈಗೂ ಅವರ ಎತ್ಲಿ. ಹಾರಿ ನಾನು ಕೊಡ್ತೀನಿ."

ರಿಜಿಸ್ಟ್ರಾರರಿಗೆ ಇದರಲ್ಲಿ ತಪ್ಪು ಹುಡುಕಲಾಗಲಿಲ್ಲ. ಅವರಿಗೆ ಬೇಕಿದ್ದದ್ದು ಕಟ್ಟೆಯ ಮೇಲೊಂದು ಕಲ್ಲು. "ಸರಿ ಹಲಗಲಿಯವರೇ, ಹೋಗಿ ಬಂದುಬಿಡೋಣ. ಗುಡ್ಡದ ತನಕ ಕಾರು ಹೋಗುತ್ತೆ" ಅಂದರು.

ಸುದ್ದಿ ನಮಗಿಂತ ಮೊದಲು ಗುಡ್ಡ ಮುಟ್ಟಿತ್ತು. ಕೇರಿಯವರು ಬಂದಿದ್ದರು, ಗಾಣದ ಓಣಿಯವರು ಬಂದಿದ್ದರು, ಹಾಸ್ಟೆಲಿನವರು ತಟ್ಟೆ ತೊಳೆಯದೆ ಬಂದಿದ್ದರು. ಅವ್ವ ಒಂದು ಪೊದೆಯ ನೆರಳಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ಹಲಗಲಿ ಸರ್ ಕಲ್ಲಿನ ಮುಂದೆ ನಿಂತರು, ಕೈ ಹಿಂದಕ್ಕೆ ಕಟ್ಟಿಕೊಂಡು. ರಿಜಿಸ್ಟ್ರಾರರೂ, ಡೀನರೂ ಅವರ ಹಿಂದೆ ಕೈ ಹಿಂದಕ್ಕೆ ಕಟ್ಟಿಕೊಂಡು ಸಾಲಾಗಿ ನಿಂತರು.

ನಾನು ಅಪ್ಪನ ಹಾರೆ ಚಾಚಿದೆ. "ಒಂದ ಮೀಟು ಸಾಕ್ರೀ ಸರ್. ಸಡಿಲಾಗೇ ಐತಿ. ಮುಂದಿಂದು ಎಲ್ಲಾರೂ ಕೂಡಿ ಹೊರತೀವಿ."

"ನನಗೆ ಬೆನ್ನು ನೋವು" ಅಂದರು.

"ಬೆನ್ನು ಬ್ಯಾಡ್ರಿ ಸರ್, ಮೊಣಕೈಲೆ ಒತ್ತಿದ್ರ ಏಳತೈತಿ" ಅಂದ ಮೌಲಾಲಿ, ಬಹಳ ವಿನಯದಿಂದ.

ಅವರು ಟೇಪು ಹಿಡಿಯುವ ಹುಡುಗರ ಕಡೆ ತಿರುಗಿದರು. ಆ ಹುಡುಗರು ಆಕಾಶ ನೋಡಿದರು. ಹಿಂದೆ ಲೇಬಲ್ ಬರೆಯುತ್ತಿದ್ದ ಹುಡುಗಿಯೊಬ್ಬಳು ದುಪಟ್ಟಾದೊಳಗೆ ಕೈ ಸುತ್ತಿಕೊಂಡಳು. ಹಲಗಲಿ ಸರ್ ನಿಧಾನವಾಗಿ ಒಂದು ಕೈ ಬಿಚ್ಚಿದರು. ಆ ಕೈಯನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಹಸುಗೂಸಿನ ಅಂಗೈಯಂತೆ ಒಂದು ಗೀರಿಲ್ಲ. ಕೈ ಹಾರೆಯವರೆಗೆ ಬಂತು, ಹಾರೆಯ ಕಬ್ಬಿಣದ ಮೇಲೆ ಒಂದು ಗಳಿಗೆ ಇತ್ತು. ಅಲ್ಲಿಂದ ಅವರ ಮನೆ ಕಾಣುತ್ತಿತ್ತು. ಬಿಳಿಯ ಮೆಟ್ಟಿಲು, ಏಳೂ, ಬಿಸಿಲಿಗೆ ಹೊಳೆಯುತ್ತಿದ್ದವು. ಅವರು ಅದನ್ನೇ ನೋಡಿದರು.

"ಮೀಟಪ್ಪಾ, ನಮ್ಮನಿಗೆ ಬಾ, ಕಿಡಕಿ ಹೆಂಗ ದಾಟೂದು ಕಲಸ್ತೀನಿ" ಅಂದಳು ಅವ್ವ ಪೊದೆಯ ನೆರಳಿನಿಂದ. ಜನ ನಕ್ಕರು.

ಕೈ ಹಿಂದಕ್ಕೆ ಹೋಯಿತು.

"ರಿಜಿಸ್ಟ್ರಾರರೇ, ಇಲ್ಲಿ ಏನೋ ತಪ್ಪಾಗಿದೆ" ಅಂದರು. ದನಿ ತೀರ ಸಣ್ಣದಾಗಿತ್ತು. "ಈ ಕಲ್ಲು ನಂದಲ್ಲ."

ಗುಮಾಸ್ತನೂ ಬಂದಿದ್ದ. ನಾನು ಅವನ ಕಡೆ ನೋಡಿದೆ. ಈ ಸಲ ಅವನು ಯಾರ ಮುಖವನ್ನೂ ನೋಡದೆ ಬರೆದುಕೊಂಡ.

ಕಮಿಟಿ ಬಂದು ಹೋಯಿತು. ಖಾಲಿ ಕಟ್ಟೆಯನ್ನು ಆಧುನಿಕ ಶಿಲ್ಪ ಅಂದುಕೊಂಡರಂತೆ, ಒಳ್ಳೆಯ ದರ್ಜೆಯೇ ಕೊಟ್ಟರು. ಕಲ್ಲು ಅವರದಲ್ಲ ಅಂದಮೇಲೆ ಕಳ್ಳತನವೂ ಇಲ್ಲ, ನಮ್ಮ ನೋಂದಣಿ ಉಳಿಯಿತು. ನನ್ನ ಪ್ರಬಂಧಕ್ಕೆ ಸಹಿ ಇನ್ನೂ ಬಿದ್ದಿಲ್ಲ. ಹಲಗಲಿ ಸರ್ ಇನ್ನೂ ಪ್ರೊಫೆಸರ್, ಇನ್ನೂ ಏಳು ಮೆಟ್ಟಿಲು ಹತ್ತಿ ಮನೆಗೆ ಹೋಗುತ್ತಾರೆ. ನ್ಯಾಯ ಸಿಕ್ಕಿತು ಅಂತ ಯಾರಾದರೂ ಹೇಳಿದರೆ ನನಗೆ ಮೈ ಉರಿಯುತ್ತದೆ.

ಆದರೆ ಮ್ಯೂಸಿಯಂನಲ್ಲಿ ಕಪಾಟುಗಳು ತುಂಬಿವೆ. ಪ್ರತಿ ಕಲ್ಲಿಗೂ ಸಿಕ್ಕ ಜಾಗ ಬರೆದಿದೆ, ಅದೊಂದನ್ನು ಮಾತ್ರ ಅವರು ನಿಜ ಬರೆಸಿದ್ದಾರೆ. ನಂದಲ್ಲ ಅಂತ ಅವರು ಬಿಟ್ಟುಕೊಟ್ಟ ಒಂದೊಂದು ಕಲ್ಲೂ ತನ್ನ ಕುಳಿಗೆ ತಿರುಗಿ ಹೋದರೆ ಒಂದೊಂದು ಮನೆ ಏಳುತ್ತದೆ. ನಿನ್ನೆ ಮೌಲಾಲಿಯ ಮನೆಗೆ ಹೋಗಿದ್ದೆ, ಇಳಿದ ಆ ಮನೆಯಲ್ಲಿ ಅವನ ಅಜ್ಜಿ ಬಾಗಿ ಬಾಗಿ ನಡೆಯುತ್ತಾಳೆ. ಇವತ್ತು ಮೂರನೇ ಕಪಾಟಿನಿಂದ ಅವನೆತ್ತಿದ ಕರಿಕಲ್ಲು ತೆಗೆದು ಎರಡೂ ಕೈಯಲ್ಲಿ ಹಿಡಿದು ಹಲಗಲಿ ಸರ್ ಕೋಣೆಗೆ ಹೋದೆವು. ಬಾಗಿಲ ಹೊರಗೆ ಹಳೆಯ ವಿದ್ಯಾರ್ಥಿಗಳು ಇನ್ನೂ ಎಂಟು ಹತ್ತು ಮಂದಿ ತಾವೆತ್ತಿದ ಒಂದೊಂದು ಕಲ್ಲು ಹಿಡಿದು ಸಾಲು ನಿಂತಿದ್ದರು. ನಾನು ಕರಿಕಲ್ಲನ್ನು ಅವರ ಮೇಜಿನ ಮೇಲಿಟ್ಟೆ, ಪಕ್ಕದಲ್ಲಿ ಹಾರೆ ಒರಗಿಸಿದೆ.

"ಸರ್," ಅಂದೆ, "ಇದು ನಿಮ್ಮದಾ?"